ಒಲೆಯ ಎಡಗಡೆ

೪ ಮಾರ್ಚ್

ಚಿಮಟಾ,

ನಿನ್ನ ಮನೆಯಲ್ಲಿ ಎರಡು ಗಂಟೆ ಇದ್ದೆ. ಒಂದೂವರೆ ಗಂಟೆ ಜಗಳವಾಡಿದೆವು. ಉಳಿದ ಅರ್ಧ ಗಂಟೆಯಲ್ಲಿ ನನಗೆ ತಿಳಿದದ್ದು ಇಷ್ಟೇ: ಅಪ್ಪ ಕೈಯಾರೆ ಕಟ್ಟಿದ ಆಂಪ್ಲಿಫೈಯರಿನ ಎಡಗಡೆ ಸತ್ತಿದೆ. ಬಲಗಡೆಯ ಸ್ಪೀಕರ್ ಮಾತಾಡುತ್ತದೆ, ಎಡಗಡೆಯದು ಗೋಡೆಯ ಆಚೆ ಕುಳಿತು ಗೊಣಗುತ್ತದೆ. ನಿನಗದು ಕೇಳಿಸುವುದಿಲ್ಲ ಎಂದರೆ ನಾನೇನು ಮಾಡಲಿ? ರೈಲಿನ ಹೊತ್ತಾಗಿರದಿದ್ದರೆ ಅಲ್ಲೇ ಬಿಚ್ಚುತ್ತಿದ್ದೆ.

ಈಗ ಬಿಚ್ಚಬೇಕಾದವಳು ನೀನು. ಜೊತೆಯ ಪೊಟ್ಟಣದಲ್ಲಿ ಹಳದಿ ಬಣ್ಣದ ಎರಡು ಕೆಪಾಸಿಟರ್ ಇವೆ. ಮೇಲೆ ಕೆಂಪಗೆ ಕಾಯುವ ಗಾಜಿನ ವಾಲ್ವ್‌ಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಧ್ವನಿಯನ್ನು ದಾಟಿಸುವ ದೋಣಿ ಎಂದುಕೊ. ಅಪ್ಪ ಹಾಕಿದ ದೋಣಿಗೆ ನಲವತ್ತು ವರ್ಷವಾಯಿತು, ಸೋರದೆ ಇನ್ನೇನು?

ಪ್ಲಗ್ ಕಿತ್ತು ಅರ್ಧ ಗಂಟೆ ಬಿಡು. ಆಮೇಲೂ ನಂಬಬೇಡ. ಕರೆಂಟು ತೆಗೆದರೂ ಒಳಗಿನ ದೊಡ್ಡ ಡಬ್ಬಗಳು ಹಾವಿನ ಹಾಗೆ, ಕಚ್ಚುತ್ತವೆ. ನಾನು ಕಳಿಸಿರುವ ರೆಸಿಸ್ಟರ್ ಕಡ್ಡಿಯಿಂದ ವಿಷ ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕು. ಪೆಟ್ಟಿಗೆಯನ್ನು ಮಗುಚಿ ಹೊಟ್ಟೆ ಮೇಲಾಗಿ ಇಡು. ಮಗುಚಿದಾಗ ನಿನ್ನ ಎಡಗೈ ಕಡೆ ಇರುವುದೇ ಎಡಗಡೆಯ ಚಾನೆಲ್. ಚಿತ್ರ ಬರೆದಿದ್ದೇನೆ.

ಫೋನ್ ಮಾಡಬೇಡ. ಇಂಥ ಕೆಲಸ ಫೋನಿನಲ್ಲಿ ಹೇಳುವಂಥದ್ದಲ್ಲ. ಬರೆ.

ಅಣ್ಣ

೧೯ ಮಾರ್ಚ್

ಅಣ್ಣ,

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಒಲೆಯನ್ನು ಮಗುಚಿದೆ. (ಅಮ್ಮ ಆಂಪ್ಲಿಫೈಯರಿಗೆ ಇಟ್ಟ ಹೆಸರು ನಿನಗೆ ಮರೆತಿಲ್ಲ ತಾನೆ? “ಒಲೆ ಹಚ್ಚಿದ್ರಾ? ಇನ್ನು ಇವತ್ತು ಯಾರಿಗೂ ಹಸಿವಾಗಲ್ಲ ಬಿಡಿ.”) ವಿಷ ಇಳಿಸಿದೆ, ಸೊನ್ನೆ ನೋಡಿದೆ. ನಿನ್ನ ಹಳದಿ ದೋಣಿಗಳನ್ನು ಬೆಸುಗೆ ಹಾಕಿದೆ. ಅಪ್ಪನ ಹಳೆಯವನ್ನು ಕವರಿನಲ್ಲಿ ಹಾಕಿ, ದಿನಾಂಕ ಬರೆದು ಎತ್ತಿಟ್ಟಿದ್ದೇನೆ. ಗ್ರಂಥಾಲಯದ ದುರಸ್ತಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಹರಿದ ಪುಸ್ತಕ ಹೊಲಿದವಳಿಗೆ ಅಷ್ಟು ಶಿಸ್ತು ಅಂಟಿದೆ.

ಫಲ: ಏನೂ ಇಲ್ಲ. ಮೊದಲು ಹೇಗಿತ್ತೋ ಹಾಗೇ. ಎರಡೂ ಕಡೆ ಕೇಳುತ್ತದೆ. ನನ್ನ ಕಿವಿ ಬಿಡು, ಮೇಲಿನ ಮನೆಯ ದರ್ಜಿಯನ್ನು ಕರೆದು ಕೂರಿಸಿದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಅಕ್ಕಾ, ಆ ಎಡಗಡೆ ಡಬ್ಬ ಸರಿಯಾಗಿ ನನ್ನ ಮಂಚದ ಕೆಳಗೆ ಬರುತ್ತೆ. ಅದು ಸತ್ತಿದ್ರೆ ಮಧ್ಯಾಹ್ನ ನಂಗೆ ಒಂದು ಕೋಳಿನಿದ್ದೆ ಆದ್ರೂ ಬರ್ತಿತ್ತು.”

ಒಂದು ಮಾತು. ಎಡ ಬಲ ತಂತಿಗಳನ್ನು ಅದಲು ಬದಲು ಮಾಡಿ ನೋಡಲೇ? ಅಪ್ಪ ಯಾವಾಗಲೂ ಅದನ್ನೇ ಮೊದಲು ಮಾಡುತ್ತಿದ್ದರು.

ಇನ್ನೊಂದು. ಹೊರಡುವಾಗ ನೀನು ಬಾಗಿಲಲ್ಲಿ ನಿಂತು, “ನಿಂಗೆ ಕಿವಿ ಅನ್ನೋದು ಓಲೆ ಹಾಕ್ಕೊಳ್ಳೋಕಷ್ಟೇ” ಎಂದೆ. ನಾನು “ಹಾಗಾದ್ರೆ ನೀನೇ ಇಟ್ಕೋ ನಿನ್ನ ಒಲೆ” ಎಂದೆ. ನೀನು ಮಾರುತ್ತರ ಕೊಡದೆ ಇಳಿದುಹೋದೆ. ಅಷ್ಟು ಸಿಟ್ಟೇ?

ಚಿಮಟ

೨ ಏಪ್ರಿಲ್

ಚಿಮಟಾ,

ನೀನು ಹಾಗೆಂದದ್ದು ನನಗೆ ಗೊತ್ತಿಲ್ಲ. ಇರಲಿ.

ಅದಲು ಬದಲು ಬೇಡ. ಸುಮ್ಮನೆ ಹೊತ್ತು ಹಾಳು. ಎಲ್ಲಿ ರೋಗವಿದೆ ಎಂದು ನನಗೆ ಗೊತ್ತಿರುವಾಗ ಊರೆಲ್ಲ ಯಾಕೆ ಹುಡುಕಬೇಕು? ನಾಟಕಶಾಲೆಯ ಧ್ವನಿಮೇಜಿನ ಮುಂದೆ ಇಪ್ಪತ್ತೊಂಬತ್ತು ವರ್ಷ ಕುಳಿತವನು ನಾನು, ನಿನ್ನ ದರ್ಜಿಯಲ್ಲ.

“ಹೇಗಿತ್ತೋ ಹಾಗೇ” ಎಂಬುದು ಉತ್ತರವೇ? ಹೇಗಿತ್ತು? ಅಂದು ಹಾಕಿದ ಹಾಡಿನಲ್ಲಿ ಪಿಟೀಲಿನ ಕಮಾನು ತಂತಿಗೆ ಮುಟ್ಟುವ ಕ್ಷಣದ ಸಣ್ಣ ಕರಕರ ಎಡದಿಂದ ಬರುತ್ತದೆಯೋ? ಹಾಡುವವಳು ಉಸಿರು ಎಳೆದುಕೊಳ್ಳುವುದು ಎಲ್ಲಿಂದ ಕೇಳುತ್ತದೆ? ಕವಿತೆ ಓದುವವಳು ನೀನು, ಮಾತಿಗೆ ಬರವೇ? ಒಂದೊಂದನ್ನೂ ಬಿಡಿಸಿ ಬರೆ. ನನಗೆ ಅದು ಬೇಕು.

ಈ ಸಲ ಒಂದು ಹೊಸ ವಾಲ್ವ್, ಅದರ ಕಾಲಿನ ರೆಸಿಸ್ಟರ್, ಜೊತೆಗೊಂದು ಕೆಪಾಸಿಟರ್ ಕಳಿಸಿದ್ದೇನೆ. ಎಲ್ಲವೂ ಎಡಕ್ಕೆ. ನನ್ನ ಹಳೆಯ ಎರಡು ಮೈಕಿನ ರೆಕಾರ್ಡರನ್ನೂ ಇಟ್ಟಿದ್ದೇನೆ. ಒಂದೊಂದು ಸ್ಪೀಕರಿನ ಮುಂದೆ ಒಂದೊಂದು ಮೈಕ್ ಇಟ್ಟು ಮುದ್ರಿಸಿ ಕಳಿಸು. ಹೆಡ್‌ಫೋನಿನಲ್ಲಿ ಕೇಳಿ ನಾನೇ ಹೇಳುತ್ತೇನೆ.

ಅಣ್ಣ

೨೮ ಏಪ್ರಿಲ್

ಅಣ್ಣ,

ಮೊದಲು ನಷ್ಟದ ಪಟ್ಟಿ. ಬಲಗೈ ತೋರುಬೆರಳು ಸುಟ್ಟಿದೆ. ಕಂಬಳಿಗೆ ತೂತು ಬಿದ್ದಿದೆ. ಮೂರು ಭಾನುವಾರ ಹೋಗಿವೆ. ಮೊದಲ ಭಾನುವಾರ ರೆಸಿಸ್ಟರಿನ ಪಕ್ಕದ, ತಂತಿಗಳನ್ನು ಹಿಡಿದಿಡುವ ಪಟ್ಟಿಯೇ ಕಿತ್ತು ಬಂತು. ಅದನ್ನು ಕೂರಿಸಲು ಎರಡನೆಯ ಭಾನುವಾರ. ಮೂರನೆಯ ದಿನ ಎಲ್ಲ ಮುಗಿಸಿ ಒಲೆ ಹಚ್ಚಿದರೆ ದುಂಬಿಯ ಹಾಗೆ ಗುಂಯ್ ಎಂದಿತು. ಅರ್ತಿಂಗ್ ತಂತಿ ಸಡಿಲವಿತ್ತು. ಅದನ್ನು ಹುಡುಕಲು ಸಂಜೆಯಾಯಿತು. ನೀನು ಪೊಟ್ಟಣ ಕಟ್ಟಿ ಕಳಿಸಿ ಕೈ ತೊಳೆದುಕೊಳ್ಳುತ್ತೀ. ಇಲ್ಲಿ ಬೆನ್ನು ಬಗ್ಗಿಸುವವಳು ನಾನು.

ಬಿಡಿಸಿ ಬರೆ ಎಂದೆಯಲ್ಲ, ಬರೆಯುತ್ತೇನೆ. ಕಮಾನಿನ ಕರಕರ ಎಡದಲ್ಲಿದೆ, ಒಣಗಿದ ಅಂಟಿನಿಂದ ಕಾಗದ ಬಿಡಿಸುವಾಗ ಬರುವಂಥ ಸದ್ದು. ಹಾಡುವವಳ ಉಸಿರು ನಡುವಿನಲ್ಲಿ, ಕೊಂಚ ಎಡಕ್ಕೆ, ಬಾಗಿಲ ಸಂದಿಯಲ್ಲಿ ಯಾರೋ ಬಂದು ನಿಂತ ಹಾಗೆ. ಬಲಗಡೆ ಮಾತ್ರ ಈಗ ಒಂದು ಎಳೆ ಹೊಳಪು ಹೆಚ್ಚಾಗಿದೆ. ಅದು ಯಾಕೋ ತಿಳಿಯದು, ಬಲವನ್ನು ನಾನು ಮುಟ್ಟೇ ಇಲ್ಲ. ರೆಕಾರ್ಡಿಂಗ್ ಜೊತೆಗಿದೆ.

ಗುಂಯ್ ಎಂದ ದಿನ ತಡೆಯಲಾರದೆ ನಾಟಕಶಾಲೆಗೆ ಫೋನ್ ಮಾಡಿದೆ. ಎತ್ತಿದವರು, “ಅವ್ರು ಈಗ ಇಲ್ಲಿಲ್ವಲ್ಲ ಮೇಡಂ” ಎಂದರು. ಮನೆಗೆ ಮಾಡಿದರೆ ಅತ್ತಿಗೆ, “ಇಲ್ಲೇ ಇದಾರೆ, ಕೊಡ್ತೀನಿ” ಎಂದರು, ಆಮೇಲೆ ಏನೋ ಪಿಸುಮಾತು, “ಆಮೇಲೆ ಮಾಡ್ತಾರಂತೆ.” ಮಾಡಲಿಲ್ಲ. ನನ್ನ ದನಿ ಕೇಳುವುದೂ ಬೇಡವಾಯಿತೇ ನಿನಗೆ? ಒಲೆ ನನ್ನ ಪಾಲಿಗೆ ಬಂದದ್ದಕ್ಕೆ ಈ ಶಿಕ್ಷೆಯೇ?

ಚಿಮಟ

೯ ಮೇ

ಚಿಮಟಾ,

ಪಾಲಿನ ಮಾತು ಎತ್ತಬೇಡ. ನನಗೆ ಬೇಕಿದ್ದರೆ ಅಂದೇ ಕೇಳುತ್ತಿದ್ದೆ. ನಾಟಕಶಾಲೆಯಿಂದ ಕೊಂಚ ರಜೆಯ ಮೇಲಿದ್ದೇನೆ, ಅಷ್ಟೇ.

ರೆಕಾರ್ಡಿಂಗ್ ಹತ್ತು ಸಲ ಕೇಳಿದೆ. ಎಡಗಡೆ ಸತ್ತೇ ಇದೆ. ನೀನು ಬರೆದ ಕರಕರವೂ ಇಲ್ಲ, ಬಾಗಿಲ ಸಂದಿಯ ಉಸಿರೂ ಇಲ್ಲ. ಕವಿತೆ ಬೇಡ, ಇದ್ದದ್ದನ್ನು ಬರೆ.

ಕೆಪಾಸಿಟರ್ ಅಲ್ಲ, ವಾಲ್ವ್ ಅಲ್ಲ, ರೆಸಿಸ್ಟರ್ ಅಲ್ಲ. ಇನ್ನು ಉಳಿದದ್ದು ಒಂದೇ, ಸ್ಪೀಕರಿಗೆ ಧ್ವನಿ ಕೊಡುವ ಟ್ರಾನ್ಸ್‌ಫಾರ್ಮರ್. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಅಪ್ಪ ತಾವು ಮೋಟಾರ್ ಸುತ್ತುತ್ತಿದ್ದ ಅಂಗಡಿಯಿಂದ ತಂತಿ ತಂದು ಅಡುಗೆಮನೆಯ ಮೇಜಿನ ಮೇಲೆ ಅವೆರಡನ್ನು ಸುತ್ತಿದ್ದು ನೆನಪಿದೆಯಲ್ಲ? ನೀನು ಪುಟ್ಟ ಬೆರಳುಗಳಲ್ಲಿ ಸುತ್ತಿನ ಪದರಗಳ ನಡುವೆ ಕಾಗದ ಇಡುತ್ತಿದ್ದೆ, ಅದಕ್ಕೇ ಚಿಮಟ ಎಂಬ ಹೆಸರು ಬಂತು. ಎಣಿಸುವ ಕೆಲಸ ನನ್ನದು. ಎರಡು ಸಾವಿರದ ಎಂಟುನೂರು ಸುತ್ತು. ಎಡಗಡೆಯದನ್ನು ಸುತ್ತುವಾಗ ನೀನು ಸೀನಿದೆ. ಕಾಗದವೆಲ್ಲ ಹಾರಿತು, ಅಪ್ಪ ನಕ್ಕರು, ನನ್ನ ಲೆಕ್ಕ ತಪ್ಪಿತು. “ಎಷ್ಟಾಯ್ತೋ?” ಎಂದರು. ಬಾಯಿಗೆ ಬಂದದ್ದನ್ನು ಹೇಳಿದೆ. “ಸಾವಿರದ ಆರುನೂರ ಹತ್ತು.” ಅವರು ನಂಬಿದರು.

ನಲವತ್ತು ವರ್ಷ ಆ ಸುಳ್ಳು ಅದರೊಳಗೆ ಸುತ್ತಿಕೊಂಡು ಕೂತಿದೆ. ಈಗ ಬಾಯಿ ಬಿಟ್ಟಿದೆ. ಹೊಸ ಟ್ರಾನ್ಸ್‌ಫಾರ್ಮರ್ ಕಳಿಸುತ್ತಿದ್ದೇನೆ. ಹಳೆಯದರ ತಂತಿಗಳು ಚಿಕ್ಕವು, ಬೆಸುಗೆ ಬಿಡಿಸಿದರೆ ಬಾರವು. ಬುಡಕ್ಕೆ ಕತ್ತರಿಸಿ ತೆಗೆ.

ಅಣ್ಣ

೩೦ ಮೇ

ಅಣ್ಣ,

ಕತ್ತರಿಸುವುದಿಲ್ಲ.

ನಮ್ಮ ದುರಸ್ತಿ ಕೋಣೆಯಲ್ಲಿ ಮೊದಲ ದಿನ ಕಲಿಸುವುದು ಒಂದೇ ನಿಯಮ: ಮತ್ತೆ ಬಿಚ್ಚಲಾಗದಂಥ ಕೆಲಸ ಮಾಡಬಾರದು. ಕೆಪಾಸಿಟರ್ ತೆಗೆದರೆ ಮತ್ತೆ ಹಾಕಬಹುದು. ಆ ತಂತಿಯನ್ನು ಬುಡಕ್ಕೆ ಕತ್ತರಿಸಿದರೆ ಮುಗಿಯಿತು, ಅಪ್ಪನ ಕೈಯ ಸುತ್ತು ಕಬ್ಬಿಣದ ಅಂಗಡಿಗೆ. ಅದರೊಳಗೆ ನಿನ್ನ ಸುಳ್ಳು ಇದ್ದರೆ ಇರಲಿ, ನಾನಿಟ್ಟ ಕಾಗದವೂ ಇದೆ.

ನಿನ್ನ ಹೊಸ ಟ್ರಾನ್ಸ್‌ಫಾರ್ಮರ್ ಬಂದಿದೆ. ಒಳ್ಳೆಯ ಭಾರ. ಅಂಟು ಹಚ್ಚಿದ ರಟ್ಟುಗಳ ಮೇಲೆ ಹೇರಲು ಕೆಲಸಕ್ಕೆ ಒಯ್ದಿದ್ದೇನೆ.

ಚಿಮಟ

೭ ಜೂನ್

ಚಿಮಟಾ,

ತಮಾಷೆ ಸಾಕು. ನಿನಗೆ ಅದೊಂದು ನೆನಪಿನ ಪೆಟ್ಟಿಗೆ. ನನಗೆ, ನಾನು ಹಾಳುಮಾಡಿದ ಒಂದೇ ಒಂದು ಕೆಲಸ. ಅದನ್ನು ಸರಿಮಾಡುವವರೆಗೆ ನನಗೆ ಅನ್ನ ಗಂಟಲಲ್ಲಿ ಇಳಿಯದು. ನಿನ್ನಿಂದ ಏನನ್ನೂ ಕೇಳಿದವನಲ್ಲ. ಇದೊಂದು ಕೇಳುತ್ತಿದ್ದೇನೆ.

ಕತ್ತರಿಸು.

ಅಣ್ಣ

೨೧ ಜೂನ್

ಅಣ್ಣ,

ಒಂದು ಬದಲಾವಣೆ ಮಾಡಿದ್ದೇನೆ. ಏನು ಎಂದು ಈಗ ಕೇಳಬೇಡ. ಹೊಸ ರೆಕಾರ್ಡಿಂಗ್ ಕಳಿಸಿದ್ದೇನೆ. ಇದರಲ್ಲಿ ಎಡಗಡೆ ನಿನಗೆ ಖಂಡಿತ ಹಿಡಿಸುತ್ತದೆ. ನನಗೇ ಹಿಡಿಸಿದೆ. ಕೇಳಿ ಬರೆ.

ಬೆರಳು ವಾಸಿಯಾಗಿದೆ, ನೀನು ಕೇಳದಿದ್ದರೂ ಹೇಳುತ್ತಿದ್ದೇನೆ.

ಚಿಮಟ

೩ ಜುಲೈ

ಚಿಮಟಾ,

ಎಡಗಡೆ ಮೊದಲಿಗಿಂತ ಕೆಟ್ಟಿದೆ. ಮೊದಲು ಗೊಣಗುತ್ತಿತ್ತು, ಈಗ ಅದೂ ಇಲ್ಲ. ಏನು ಮಾಡಿದೆಯೋ ದೇವರೇ ಬಲ್ಲ. ಇನ್ನು ಸಂಶಯವೇ ಉಳಿದಿಲ್ಲ, ಟ್ರಾನ್ಸ್‌ಫಾರ್ಮರೇ. ನಿನ್ನಿಂದ ಆಗದಿದ್ದರೆ ಯಾರಾದರೂ ಕೆಲಸಗಾರನನ್ನು ಕರೆದು ಕತ್ತರಿಸಲು ಹೇಳು.

ಅಣ್ಣ

೫ ಜುಲೈ

ಅಣ್ಣ,

ನಿನ್ನ ಕಾಗದ ಇಂದು ಬೆಳಿಗ್ಗೆ ಬಂತು. ಕೆಲಸಕ್ಕೆ ಹೋಗಲಿಲ್ಲ. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ, ಆಮೇಲೆ ನಿನ್ನದು.

ನಿನ್ನ ಜೂನ್ ಏಳರ ಕಾಗದ ಓದಿ ಸೋತುಹೋದೆ. ಅನ್ನ ಇಳಿಯದು ಎಂದು ಬರೆದೆಯಲ್ಲ. ಕತ್ತರಿಸಿಯೇ ಬಿಡೋಣ ಎಂದು ಇಕ್ಕಳ ಹಿಡಿದು ಕುಳಿತೆ. ಎಡಗಡೆಯ ಟ್ರಾನ್ಸ್‌ಫಾರ್ಮರಿನ ಮೇಲೆ ಅಪ್ಪ ಪೆನ್ಸಿಲಿನಲ್ಲಿ ಬರೆದ ‘ಎ’ ಇನ್ನೂ ಇದೆ. ತಪ್ಪಾಗದಿರಲಿ ಎಂದು ಅದರ ತಂತಿಗೆ ಕೆಂಪು ನೂಲು ಕಟ್ಟಿ ಪೆಟ್ಟಿಗೆಯನ್ನು ಮಗುಚಿದೆ. ನೂಲು ಬಲಗೈ ಕಡೆ ಬಂತು. ನಿನ್ನ ಹಳದಿ ಕೆಪಾಸಿಟರ್‌ಗಳೆಲ್ಲ ಎಡಗೈ ಕಡೆ ಹಲ್ಲು ಕಿರಿಯುತ್ತಿದ್ದವು.

ಅಂದರೆ ಮಾರ್ಚಿನಿಂದ ನಾನು ಬದಲಿಸುತ್ತಾ ಬಂದದ್ದೆಲ್ಲ ಬಲಗಡೆಯದನ್ನು.

ಹೇಗಾಯಿತು ಗೊತ್ತೇ? ನೀನೂ ಅಪ್ಪನೂ ಪೆಟ್ಟಿಗೆಯನ್ನು ಮುಚ್ಚಳ ಎತ್ತುವ ಹಾಗೆ, ಮುಂದಿನಿಂದ ಹಿಂದಕ್ಕೆ ಮಗುಚುತ್ತೀರಿ. ಹಾಗೆ ಮಾಡಿದರೆ ಎಡ ಎಡದಲ್ಲೇ ಉಳಿಯುತ್ತದೆ. ನಾನು ದಿನವಿಡೀ ಪುಸ್ತಕ ಹಿಡಿಯುವವಳು. ಪುಟ ತಿರುಗಿಸಿದ ಹಾಗೆ ಮಗುಚಿದೆ. ಎಡ ಬಲಕ್ಕೆ ಹೋಯಿತು. ಏಪ್ರಿಲ್‌ನಲ್ಲಿ ಬಲಗಡೆ ಹೊಳಪು ಕೇಳಿದಾಗಲೇ ತಿಳಿಯಬೇಕಿತ್ತು. ನನ್ನ ಕಿವಿ ಸರಿಯಾಗಿಯೇ ಹೇಳಿತ್ತು, ನಾನು ಅದನ್ನು ನಂಬಲಿಲ್ಲ. ಯಾಕೆಂದರೆ ನನಗೆ ಕಿವಿಯಿಲ್ಲ ಎಂದು ನೀನು ಹೇಳಿದ್ದೆ.

ನಾಚಿಕೆಯಾಯಿತು. ಇದನ್ನು ನಿನಗೆ ಹೇಳಿದರೆ ಜನ್ಮವಿಡೀ ಆಡಿಕೊಳ್ಳುತ್ತೀ ಎಂದು ಒಂದು ಕಳ್ಳಾಟ ಆಡಿದೆ. ಸ್ಪೀಕರಿನ ತಂತಿಗಳನ್ನು ಹಿಂದುಗಡೆ ಅದಲು ಬದಲು ಮಾಡಿದೆ. ನಿನ್ನ ಹೊಸ ಸಾಮಾನು ತುಂಬಿದ ಚಾನೆಲ್ ಎಡಗಡೆಯ ಸ್ಪೀಕರಿಗೆ ಹೋಯಿತು. ಅದನ್ನು ಮುದ್ರಿಸಿ ಕಳಿಸಿದೆ. ನೀನು ಮೆಚ್ಚಿಕೊಂಡ ಮೇಲೆ ಸದ್ದಿಲ್ಲದೆ ಎಲ್ಲ ಸರಿಮಾಡೋಣ ಎಂಬ ಲೆಕ್ಕ.

ನೀನು ಬರೆದದ್ದು, “ಎಡಗಡೆ ಮೊದಲಿಗಿಂತ ಕೆಟ್ಟಿದೆ.”

ಅಣ್ಣ, ಅದು ಎಡಗಡೆಯಲ್ಲ. ಮಾರ್ಚಿನಲ್ಲಿ ನೀನು “ಮಾತಾಡುತ್ತದೆ” ಎಂದ ಅದೇ ಬಲಗಡೆ, ನಿನ್ನ ಹೊಸ ಸಾಮಾನೆಲ್ಲ ಹೊತ್ತದ್ದು.

ಸ್ಪೀಕರ್ ಹಾಳು ಎನ್ನುತ್ತೀಯೇನೋ. ಆ ರೆಕಾರ್ಡಿಂಗಿನ ಪ್ರತಿಯನ್ನು ಗ್ರಂಥಾಲಯದ ಹೆಡ್‌ಫೋನಿನಲ್ಲಿ ಕೇಳಿದೆ. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡೂ ಕೇಳಿದೆ. ಎರಡೂ ಕಡೆ ಜೀವ ಇದೆ. ಒಂದೇ ಸ್ವರವನ್ನು ಎರಡು ಚಾನೆಲಿಗೂ ಕಳಿಸಿ ಮೀಟರಿನಲ್ಲಿ ಅಳೆದೆ. ಹೊಳಪು ಬಿಟ್ಟರೆ ಜೋರಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಅಂದರೆ ಎರಡರ ಸುತ್ತೂ ಒಂದೇ. ನಾನು ಸೀನಿದಾಗ ನೀನು ಬಾಯಿಗೆ ಬಂದದ್ದು ಹೇಳಿದೆ ಎಂದುಕೊಂಡಿದ್ದೀಯಲ್ಲ, ಅದು ಸರಿಯಾಗಿಯೇ ಇತ್ತು. ನಲವತ್ತು ವರ್ಷ ಸುಮ್ಮನೆ ಹೊತ್ತೆ.

ಅಪ್ಪ ಹೇಳುತ್ತಿದ್ದದ್ದು ನಿನಗೇ ನನಗಿಂತ ಚೆನ್ನಾಗಿ ಗೊತ್ತು. “ಬಿಚ್ಚೋ ಮುಂಚೆ ಅದಲು ಬದಲು ಮಾಡ್ರೋ. ರೋಗ ಜಾಗ ಬಿಟ್ಟು ಓಡಿದ್ರೆ ಅದು ಸಾಮಾನಿನದು. ಅಲ್ಲೇ ಕೂತ್ರೆ ಬೇರೆ ಕಡೆ ನೋಡಿ.” ಆ ಪಾಠವನ್ನು ನನಗೆ ಕಲಿಸಿದವನೇ ನೀನು. ಏಪ್ರಿಲ್‌ನಲ್ಲಿ ನೀನೇ ಅದನ್ನು ಬೇಡ ಎಂದೆ. ಆಗ ನನಗೆ ಹೊಳೆಯಲಿಲ್ಲ. ನಿನ್ನ ಜಂಬ ಎಂದುಕೊಂಡೆ. ಫೋನ್ ಬೇಡ ಎಂದದ್ದನ್ನು ಸಿಟ್ಟು ಎಂದುಕೊಂಡೆ. ಬಾಗಿಲಲ್ಲಿ ನಾನು ಆಡಿದ ಮಾತಿಗೆ ನೀನು ತಿರುಗಿಯೂ ನೋಡದೆ ಇಳಿದುಹೋದದ್ದನ್ನು ಮಾತ್ರ ಎಷ್ಟು ಸಲ ನೆನೆದು ಕುದಿದೆ! ಆಗ ನಾನು ನಿನ್ನ ಎಡಕ್ಕೆ ನಿಂತಿದ್ದೆ.

ಎಲ್ಲವನ್ನೂ ಅದಲು ಬದಲು ಮಾಡಿ ನೋಡಿದ್ದಾಯಿತು. ಒಂದು ಉಳಿದಿದೆ. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡು ಆ ರೆಕಾರ್ಡಿಂಗನ್ನು ಇನ್ನೊಮ್ಮೆ ಕೇಳು. ಅಷ್ಟೇ ಸಾಕು. ಏನು ಕೇಳಿಸಿತೆಂದು ಬರೆಯದಿದ್ದರೂ ಸರಿ.

ಚಿಮಟ

೧೬ ಆಗಸ್ಟ್

ಅಣ್ಣ,

ಆರು ವಾರವಾಯಿತು. ಬೈದಾದರೂ ಬರೆ.

ಒಲೆ ಹಾಗೇ ಇದೆ. ಹಚ್ಚಿಲ್ಲ. ದರ್ಜಿ ಮೆಟ್ಟಿಲಲ್ಲಿ ಸಿಕ್ಕಿ, “ಏನಕ್ಕಾ, ಮಧ್ಯಾಹ್ನ ಒಳ್ಳೇ ನಿದ್ದೆ ಬರ್ತಾ ಇದೆ, ಯಾಕೋ ಭಯ ಆಗ್ತಿದೆ” ಎಂದ.

ನಿನ್ನನ್ನು ಪರೀಕ್ಷೆಗೆ ಕೂರಿಸಬೇಕೆಂದು ನಾನು ಹಾಗೆ ಮಾಡಲಿಲ್ಲ. ನನ್ನ ಮಾನ ಉಳಿಸಿಕೊಳ್ಳಲು ಮಾಡಿದ್ದು. ಇದಕ್ಕಿಂತ ಹೆಚ್ಚು ಬೇಡಿಕೊಳ್ಳಲು ನನಗೆ ಬರುವುದಿಲ್ಲ.

ಚಿಮಟ

೩೦ ಆಗಸ್ಟ್

ಚಿಮಟಾ,

ಬೈಯಲೆಂದೇ ನಾಲ್ಕು ಹಾಳೆ ತುಂಬಿಸಿದ್ದೆ. ನಿನ್ನ ಅತ್ತಿಗೆ ಓದಿ, “ಇದನ್ನ ಕಳಿಸಿದ್ರೆ ನಾನೂ ಅವಳ ಮನೆಗೇ ಹೋಗ್ತೀನಿ” ಎಂದಳು. ಹರಿದೆ.

ಪುಟ ತಿರುಗಿಸಿದ ಹಾಗೆ ಮಗುಚಿದಳಂತೆ! ಮೋಟಾರ್ ಸುತ್ತುವವನ ಮಗಳು! ಜನ್ಮವಿಡೀ ಆಡಿಕೊಳ್ಳುತ್ತೇನೆ, ಆ ವಿಷಯದಲ್ಲಿ ನಿನ್ನ ಭಯ ಸರಿಯಾಗಿಯೇ ಇತ್ತು.

ಈಗ ನನ್ನದು. ಫೆಬ್ರವರಿಯಲ್ಲಿ ಒಂದು ನಾಟಕದಲ್ಲಿ ಗುಡುಗಿನ ಸದ್ದು ಎರಡೂ ಕಡೆಯಿಂದ ಬರಬೇಕಿತ್ತು. ಎಡ ಕಡಿಮೆ ಅನ್ನಿಸಿತು, ಏರಿಸಿದೆ. ಇನ್ನೂ ಕಡಿಮೆ, ಇನ್ನೂ ಏರಿಸಿದೆ. ಎಡಸಾಲಿನ ಜನ ಕಿವಿ ಮುಚ್ಚಿಕೊಂಡು ಎದ್ದರು. ಒಂದು ಮಗು ಅತ್ತಿತು. ಅದರ ಬಾಯಿ ಕಂಡಿತು, ಅಳು ಕೇಳಲಿಲ್ಲ. ನಿರ್ದೇಶಕಿ ಮೆತ್ತಗೆ, “ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಸರ್” ಎಂದರು. ಅದನ್ನೂ ಎರಡು ಸಲ ಹೇಳಬೇಕಾಯಿತು. ಮುಂದಿನ ವಾರ ನಿನ್ನ ಮನೆಗೆ ಬಂದೆ. ಅಪ್ಪನ ಆಂಪ್ಲಿಫೈಯರಿನ ಎಡವೂ ಸತ್ತದ್ದು ಕೇಳಿ ನನಗಾದ ಸಮಾಧಾನ ಹೇಳಲಾರೆ. ನೋಡು, ಇಲ್ಲೂ ಹಾಗೇ, ಯಂತ್ರಗಳೇ ಕೆಡುತ್ತಿವೆ, ನಾನಲ್ಲ ಎಂದುಕೊಂಡೆ. ಒಂದನ್ನು ರಿಪೇರಿ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಪೊಟ್ಟಣ ಕಟ್ಟತೊಡಗಿದೆ. ಸೀನಿದ ದಿನದ ಲೆಕ್ಕ ನೆನಪಾದಾಗ ಹಬ್ಬವೇ ಆಯಿತು. ನನ್ನ ತಪ್ಪೇ ಆಗಲಿ, ಆದರೆ ಹನ್ನೊಂದು ವರ್ಷದವನ ತಪ್ಪಾಗಲಿ, ಈಗಿನ ಈ ಕಿವಿಯದು ಬೇಡ.

ಹೆಡ್‌ಫೋನ್ ತಿರುಗಿಸಿ ಹಾಕಿಕೊಳ್ಳಲು ಎರಡು ಕ್ಷಣ ಸಾಕು. ನನಗೆ ಆರು ತಿಂಗಳು ಹಿಡಿಯಿತು. ರೋಗ ಜಾಗ ಬಿಟ್ಟು ಓಡಲಿಲ್ಲ. ಅಲ್ಲೇ ಕೂತಿದೆ.

ಮೊನ್ನೆ ವೈದ್ಯರನ್ನು ಕಂಡೆ. ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರು. ಆ ಮಾತನ್ನು ಬಲಗಿವಿಯಲ್ಲಿ ಕೇಳಿ ಎಡಗಿವಿಯಲ್ಲಿ ಬಿಡೋಣ ಎಂದರೆ ಆ ದಾರಿಯೂ ಮುಚ್ಚಿದೆ. ಊಟಕ್ಕೆ ಕೂರುವಾಗ ನಿನ್ನ ಅತ್ತಿಗೆ ಮೊದಲೆಲ್ಲ ನನ್ನ ಎಡಕ್ಕೆ ಕೂರುತ್ತಿದ್ದಳು. ಈಚೆಗೆ ಬಲಕ್ಕೆ ಬಂದಿದ್ದಾಳೆ.

ಹಳದಿ ಕೆಪಾಸಿಟರ್‌ಗಳನ್ನು ಕಿತ್ತು ಅಪ್ಪನವನ್ನೇ ಹಾಕು. ಕವರಿನಲ್ಲಿ ಇಟ್ಟಿದ್ದೀಯಲ್ಲ, ಆ ಬುದ್ಧಿಯಾದರೂ ನಮ್ಮ ವಂಶದಲ್ಲಿ ಒಬ್ಬರಿಗೆ ಇದೆ. ಟ್ರಾನ್ಸ್‌ಫಾರ್ಮರ್ ನಿನ್ನ ರಟ್ಟುಗಳ ಮೇಲೇ ಇರಲಿ.

ಮುಂದಿನ ತಿಂಗಳು ಹನ್ನೆರಡಕ್ಕೆ ಬರುತ್ತೇನೆ, ಮಧ್ಯಾಹ್ನದ ರೈಲಿಗೆ. ದರ್ಜಿಗೆ ಮೊದಲೇ ಹೇಳಿಬಿಡು. ನಾನು ಬರುವ ಅರ್ಧ ಗಂಟೆ ಮುಂಚೆ ಒಲೆ ಹಚ್ಚಿಡು, ವಾಲ್ವ್‌ಗಳು ಬಿಸಿಯಾಗಲಿ. ಕರಕರ ಯಾವಾಗ ಬಂತು, ಉಸಿರು ಯಾವಾಗ ಬಂತು ಎಂದು ನೀನು ಪಕ್ಕದಲ್ಲಿ ಕುಳಿತು ಹೇಳುತ್ತಾ ಹೋಗು. ಒಣಗಿದ ಅಂಟು, ಬಾಗಿಲ ಸಂದಿ, ನಿನಗೆ ಏನನ್ನಿಸಿದರೆ ಅದು.

ನನ್ನ ಬಲಕ್ಕೆ ಕುಳಿತುಕೊ. ಯಾರ ಬಲ ಎಂದು ಮಾತ್ರ ಕೇಳಬೇಡ.

ಅಣ್ಣ